ಮಂಟಪ ಅಲ್ಬುಕರ್ಕನದು, ಒಳಗಿರೋರು ನಮ್ಮ ಪಕ್ಕದೂರಿನವರು
(ಕುಡಚಡೆಯ ಕನ್ನಡ ಯುವಕರ ಸಭೆಯಲ್ಲಿ ಆಡಿದ ಮಾತು)

  

ಪಣಜಿಗೆ ಕೆಲಸಕ್ಕೆ ಹೋಗೋರು ಆಜಾದ್ ಮೈದಾನ ನೋಡಿರ್ತೀರಿ. ಅಲ್ಲಿ ಎತ್ತರದ ಕಂಬಗಳ ಒಂದು ಮಂಟಪ ಇದೆ. ನಾವೂ ಎಷ್ಟೋ ಸಲ ಅದರ ಪಕ್ಕ ಕೂತು ಡಬ್ಬಿ ಬಿಚ್ಚಿ ಊಟ ಮಾಡಿದ್ದೀವಿ. ಇದನ್ನ ಯಾರಿಗೆ ಕಟ್ಟಿದ್ರು ಅಂತ ಒಂದು ದಿನವೂ ಕೇಳಿರಲಿಲ್ಲ.

ಕಟ್ಟಿದ್ದು ಅಫೊನ್ಸೊ ದ ಅಲ್ಬುಕರ್ಕನ ಪ್ರತಿಮೆಗೆ, 1847ರಲ್ಲಿ. ಗಮನಿಸಿ, ಅವನು ಸತ್ತಿದ್ದು 1515ರಲ್ಲಿ. ಮುನ್ನೂರು ವರ್ಷ ಕಳೆದ ಮೇಲೆ ಮಂಟಪ ಯಾಕೆ ಬೇಕಾಯ್ತು? ರೋಗರುಜಿನಕ್ಕೆ ಹಳೇ ಗೋವಾ ಪಟ್ಟಣ ಖಾಲಿಯಾಗಿತ್ತು, 1843ರಲ್ಲಿ ಪಣಜಿ ರಾಜಧಾನಿಯಾಗಿತ್ತು. ಹೊಸ ಊರಿಗೆ ಒಬ್ಬ ಮೂಲಪುರುಷ ಬೇಕಿತ್ತು. ಕಂಬಗಳು ಮಾತ್ರ ಹೊಸವಲ್ಲ, ಹಳೇ ಗೋವಾದಲ್ಲಿ ಹಾಳಾದ ಡೊಮಿನಿಕನ್ನರ ಚರ್ಚಿನವು. ಸಾಮ್ರಾಜ್ಯ ಸೊರಗಿದಾಗಲೇ ಪ್ರತಿಮೆಯ ನೆನಪಾಗೋದು ಅಂತ ನಮಗೆ ಅನಿಸ್ತದೆ.

ಈಗ ಸ್ವಲ್ಪ ಮುಜುಗರದ ಮಾತು. ನಮ್ಮನ್ನ ಯಾರಾದ್ರೂ 'ಘಾಟಿ', 'ಹೊರಗಿನವರು' ಅಂದಾಗ ನಮ್ಮ ಹುಡುಗರು ಫೋನ್ ತೆಗೆದು ಕದಂಬರ ಫೋಟೋ ಹಾಕ್ತಾರೆ. ಸರಿ, ಚಂದ್ರಾಪುರದಲ್ಲಿ ಕದಂಬರು ಆಳಿದ್ದು ನಿಜ, ಅವರ ಕನ್ನಡ ಶಾಸನಗಳಿರೋದೂ ನಿಜ, ಇವತ್ತಿಗೂ ನಾವು ಹತ್ತೋ ಸರ್ಕಾರಿ ಬಸ್ಸಿನ ಹೆಸರೇ ಕದಂಬ. ಆದರೆ ಅಲ್ಬುಕರ್ಕನಿಗೆ ಗೋವಾದ ದಾರಿ ತೋರಿಸಿದವನು ಯಾರು? ನಮ್ಮ ಹೊನ್ನಾವರದವನೇ. ಪೋರ್ಚುಗೀಸರು ಅವನನ್ನ ತಿಮೋಜ ಅಂತ ಬರೆದಿದ್ದಾರೆ. ಸ್ವಂತ ಹಡಗು ಇಟ್ಟುಕೊಂಡು ಕಡಲಲ್ಲಿ ಕೊಳ್ಳೆ ಹೊಡೀತಿದ್ದ ಆಸಾಮಿ. ಬೇರೆ ಕಡೆ ಹೊರಟಿದ್ದ ಅಲ್ಬುಕರ್ಕನಿಗೆ, ಬಿಜಾಪುರದ ಆದಿಲಶಾಹಿಗಳ ಕೈಲಿರೋ ಗೋವಾ ಹಿಡಿ, ಇದೇ ಸಮಯ ಅಂದವನು ಅವನು. 1510ರಲ್ಲಿ ಮೊದಲ ಸಲ ಸುಲಭಕ್ಕೆ ಸಿಕ್ಕಿತು. ಮೇ ತಿಂಗಳಲ್ಲಿ ಕೈತಪ್ಪಿತು. ನವೆಂಬರ್ 25ಕ್ಕೆ ಮತ್ತೆ ಗೆದ್ದಾಗ ಅಲ್ಬುಕರ್ಕ ಊರಿನ ಮುಸಲ್ಮಾನರನ್ನ ಕೊಲ್ಲಿಸಿದ. 6 ಸಾವಿರ ಜನ ಸತ್ತರು ಅಂತ ತನ್ನ ರಾಜನಿಗೆ ತಾನೇ ಪತ್ರ ಬರೆದ. ತಿಮೋಜನಿಗೆ ಊರಿನ ಜನರ ಮೇಲೆ, ಕಂದಾಯದ ಮೇಲೆ ಅಧಿಕಾರ ಸಿಕ್ಕಿತು, ಅದೂ ಬಹಳ ದಿನ ಉಳೀಲಿಲ್ಲ. ಕದಂಬರ ಜೊತೆ ಇವನನ್ನೂ ಲೆಕ್ಕಕ್ಕೆ ತಗೋಬೇಕಲ್ಲ? ಚಂದ ಇರೋದನ್ನಷ್ಟೇ ಪೋಸ್ಟ್ ಮಾಡಿದ್ರೆ ಎದುರಿನವರು ಒಂದೇ ಪ್ರಶ್ನೆಗೆ ನಮ್ಮ ಬಾಯಿ ಮುಚ್ಚಿಸ್ತಾರೆ.

ಇನ್ನೊಂದು. ನಾವು ಕೂತಿರೋ ಈ ನೆಲ ಅಲ್ಬುಕರ್ಕ ಗೆದ್ದದ್ದೇ ಅಲ್ಲ. ಅವನು ಹಿಡಿದದ್ದು ಮಾಂಡವಿ ಕಡೆಯ ಗೋವಾ ದ್ವೀಪ. ಕೇಪೆ, ಕಾಣಕೋಣದ ಕಡೆ ಸೋದೆ ಅರಸರ ಸೀಮೆ. ಹೌದು, ಶಿರಸಿ ಪಕ್ಕದ ಸೋದೆ. 1763ರ ಹೊತ್ತಿಗೆ ಹೈದರಾಲಿ ಬಂದಾಗ ಅರಸ ಗೋವಾಕ್ಕೆ ಓಡಿಬಂದ. ಪೋರ್ಚುಗೀಸರು ಆಸರೆ ಕೊಟ್ಟರು, ನೆಲ ತಗೊಂಡರು. ಇಲ್ಲಿಯವರಿಗೆ ಅಲ್ಬುಕರ್ಕ ಮೂಲಪುರುಷ ಆಗಿದ್ದು ಪ್ರತಿಮೆಯ ಪೀಠದ ಮೇಲೆ ಮಾತ್ರ.

1961ರ ಡಿಸೆಂಬರ್ 19ಕ್ಕೆ ಆಳ್ವಿಕೆ ಮುಗೀತು. ಆಮೇಲೆ ಪ್ರತಿಮೆ ಹಳೇ ಗೋವಾದ ಪುರಾತತ್ವ ಇಲಾಖೆಯ ಮ್ಯೂಸಿಯಂ ಸೇರಿತು. ಒಡೀಲಿಲ್ಲ, ಕರಗಿಸಲಿಲ್ಲ. ಇದು ಸರಿಯಾದ ಕೆಲಸ ಅಂತ ನಮ್ಮ ಅಭಿಪ್ರಾಯ, ಒಪ್ಪದವರು ಜಗಳ ಆಡಬಹುದು. ಮಂಟಪವನ್ನೂ ಕೆಡವಲಿಲ್ಲ.

ಅದರೊಳಗೆ ಈಗ ಇರೋದು ತ್ರಿಸ್ತಾಂವ್ ದ ಬ್ರಗಾಂಸ ಕುನ್ಹಾ ಅವರ ಸ್ಮಾರಕ. ಹುಟ್ಟಿದ್ದು 1891ರಲ್ಲಿ, ಎಲ್ಲಿ ಅಂದ್ಕೊಂಡ್ರಿ? ಇಲ್ಲೇ ಪಕ್ಕದ ಚಾಂದೋರಿನಲ್ಲಿ. ಅದೇ ಕದಂಬರ ಚಂದ್ರಾಪುರ. ಪ್ಯಾರಿಸ್ಸಿನಲ್ಲಿ ಓದಿ ಬಂದು 1928ರಲ್ಲಿ ಗೋವಾ ಕಾಂಗ್ರೆಸ್ ಸಮಿತಿ ಕಟ್ಟಿದರು. 1946ರಲ್ಲಿ ಹಿಡಿದು ಪೋರ್ಚುಗಲ್ಲಿನ ಪೆನಿಶ್ ಕೋಟೆಯ ಜೈಲಿಗೆ ಹಾಕಿದರು. 1958ರಲ್ಲಿ ಮುಂಬೈಯಲ್ಲಿ ತೀರಿಕೊಂಡರು, ಬಿಡುಗಡೆ ನೋಡಲಿಲ್ಲ. ಜನ್ಮದಿಂದ ಕ್ರಿಸ್ತರು, ಮನೆಮಾತು ಕೊಂಕಣಿ. ನಮ್ಮ ಹುಡುಗರು ಪೋಸ್ಟ್ ಹಾಕುವಾಗ ಇವರ ಹೆಸರು ಒಂದು ಸಲವೂ ಬಂದಿಲ್ಲ.

ಬರೋ ಭಾನುವಾರ ಚಾಂದೋರಿಗೆ ಹೋಗೋಣ ಅಂತಿದ್ದೀವಿ. ಅಗೆದಾಗ ಸಿಕ್ಕ ಇಟ್ಟಿಗೆ ಗುಡಿಯ ಅಡಿಪಾಯ ಇದೆ, ತಲೆ ಇಲ್ಲದ ನಂದಿ ಇದೆ. ಊರಿನ ಹಿರಿಯರ ಹತ್ತಿರ ಮಾತಾಡೋಣ, ಕೊಂಕಣಿಯಲ್ಲೇ. ನಮ್ಮಲ್ಲಿ ಕೊಂಕಣಿ ಬರದವರು ಯಾರೂ ಇಲ್ಲವಲ್ಲ? ಬರೋರು ಹೆಸರು ಕೊಡಿ. ಬೆಳಿಗ್ಗೆ ಎಂಟಕ್ಕೆ ರೈಲ್ವೆ ಸ್ಟೇಷನ್ ಎದುರು ಸೇರೋಣ. ಬುತ್ತಿ ನಿಮ್ಮದು, ನೀರು ನಮ್ಮದು.