ಕ್ಯಾನ್ಸರ್ ಆಪರೇಷನ್ನಿನಲ್ಲಿ ರಕ್ತ: ಅನುಮಾನ ಎಷ್ಟು, ಪುರಾವೆ ಎಷ್ಟು?

ಕ್ಯಾನ್ಸರ್ ಗಡ್ಡೆ ತೆಗೆಯುವ ಆಪರೇಷನ್ನಿನಲ್ಲಿ ಬೇರೆಯವರ ರಕ್ತ ಕೊಟ್ಟರೆ ಮುಂದೆ ರೋಗ ಮರುಕಳಿಸುವುದು ಹೆಚ್ಚುತ್ತದೆಯೇ ಎಂಬ ಪ್ರಶ್ನೆ ವೈದ್ಯರನ್ನು 40 ವರ್ಷಗಳಿಂದ ಕಾಡುತ್ತಿದೆ. ಇದರ ಬೇರು ಕಿಡ್ನಿ ಕಸಿಯಲ್ಲಿದೆ. ಮೊದಲೇ ರಕ್ತ ಪಡೆದಿದ್ದವರ ದೇಹದಲ್ಲಿ ಕಸಿ ಮಾಡಿದ ಕಿಡ್ನಿ ಹೆಚ್ಚು ಕಾಲ ಉಳಿಯುತ್ತದೆಂದು 1973ರಲ್ಲಿ ಲಾಸ್ ಏಂಜಲೀಸ್‌ನ ಓಪೆಲ್ಜ್, ತೆರಾಸಾಕಿ ಮತ್ತು ಸಂಗಡಿಗರು ತೋರಿಸಿದರು. ಪರರ ರಕ್ತ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತಿರಬೇಕು ಎಂಬ ಊಹೆ ಬಲವಾಯಿತು. ಕಿಡ್ನಿಗೆ ಅನುಕೂಲವಾದದ್ದು, ಆಪರೇಷನ್ ಆದ ಮೇಲೂ ದೇಹದಲ್ಲಿ ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳಿಗೂ ಅನುಕೂಲವಾದರೆ? 1982ರಲ್ಲಿ ಬರೋಸ್ ಮತ್ತು ಟಾರ್ಟರ್ ದೊಡ್ಡ ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ರಕ್ತ ಪಡೆಯುವುದಕ್ಕೂ ರೋಗ ಮರುಕಳಿಸುವುದಕ್ಕೂ ಅಂಥದೇ ನಂಟನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. 2006ರಲ್ಲಿ ಕಾಕ್ರನ್ ಸಂಸ್ಥೆಯ ಸಮೀಕ್ಷೆ 36 ಅಧ್ಯಯನಗಳನ್ನು, 12,000ಕ್ಕೂ ಹೆಚ್ಚು ರೋಗಿಗಳನ್ನು ಒಟ್ಟುಗೂಡಿಸಿದಾಗಲೂ ನಂಟು ಕಂಡಿತು. ಆದರೆ ರಕ್ತವೇ ಕಾರಣವೆಂದು ಹೇಳಲು ಅದರ ಲೇಖಕರು ಒಪ್ಪಲಿಲ್ಲ.

ಅವರ ಹಿಂಜರಿಕೆ ಸರಿಯಾದದ್ದೇ. ಆಪರೇಷನ್ನಿನಲ್ಲಿ ರಕ್ತ ಬೇಕಾಗುವುದು ಯಾರಿಗೆ? ಗಡ್ಡೆ ದೊಡ್ಡದಾಗಿ ಬೆಳೆದವರಿಗೆ, ಮೊದಲೇ ರಕ್ತಹೀನತೆ ಇದ್ದವರಿಗೆ, ಆಪರೇಷನ್ ಕಷ್ಟವಾಗಿ ಹೆಚ್ಚು ರಕ್ತ ಹರಿದವರಿಗೆ. ರಕ್ತ ಕೊಡದಿದ್ದರೂ ಇವರ ಮುಂದಿನ ದಾರಿ ಕಠಿಣವೇ. ಇದನ್ನು ಬಿಡಿಸಿ ನೋಡಲು ನೆದರ್ಲೆಂಡ್ಸ್‌ನಲ್ಲಿ ಬುಷ್ ಮತ್ತು ಸಂಗಡಿಗರು ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿನ 475 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಆಪರೇಷನ್ನಿಗೆ ಮೊದಲೇ ತಮ್ಮ ರಕ್ತವನ್ನು ತೆಗೆಸಿ ಇಡಿಸಿದರು. ಬೇಕಾದಾಗ ಅದೇ ಅವರಿಗೆ ವಾಪಸ್ಸಾಯಿತು. ಇನ್ನೊಂದು ಗುಂಪಿಗೆ ಎಂದಿನಂತೆ ದಾನಿಗಳ ರಕ್ತ. 1993ರಲ್ಲಿ ಫಲಿತಾಂಶ ಬಂದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಯಾವ ರಕ್ತವೇ ಆಗಲಿ, ಪಡೆದವರ ಗತಿ ಪಡೆಯದವರಿಗಿಂತ ಕೆಟ್ಟದಾಗಿತ್ತು. ರಕ್ತ ಬೇಕಾಗಿ ಬಂದ ಪರಿಸ್ಥಿತಿಯೇ ಬಹುಶಃ ಇದಕ್ಕೆ ಕಾರಣ ಎಂದು ಅವರು ತೀರ್ಮಾನಿಸಿದರು.

ಇದಕ್ಕೊಂದು ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ಸ್ವಂತ ರಕ್ತವೂ ಚೀಲದಲ್ಲಿ ದಿನಗಟ್ಟಲೆ ಶೇಖರವಾಗಿತ್ತಲ್ಲ. ಶೇಖರಣೆಯಲ್ಲಿ ಕಣಗಳು ಒಡೆದು ಬಿಡುಗಡೆಯಾಗುವ ವಸ್ತುಗಳೇ ಕೆಡುಕು ಮಾಡುತ್ತಿದ್ದರೆ ಈ ಪ್ರಯೋಗದಲ್ಲಿ ಅದು ಕಾಣುವುದೇ ಇಲ್ಲ. ಮಾತು ನಿಜ. ಆ ಪ್ರಯೋಗ ಪರರ ರಕ್ತವೆಂಬ ಕಾರಣವನ್ನು ದುರ್ಬಲಗೊಳಿಸಿತೇ ಹೊರತು ಎಲ್ಲ ಅನುಮಾನವನ್ನೂ ತೊಡೆದುಹಾಕಲಿಲ್ಲ. ದಾನಿಯ ಬಿಳಿ ರಕ್ತಕಣಗಳನ್ನು ಸೋಸಿ ತೆಗೆದ ರಕ್ತ ಕೊಟ್ಟ 1994ರ ಇನ್ನೊಂದು ಪ್ರಯೋಗದಲ್ಲೂ ಬದುಕುಳಿಯುವಿಕೆ ಸುಧಾರಿಸಲಿಲ್ಲ.

ಹಾಗಾದರೆ ಅನುಮಾನ ಪೂರ್ತಿ ತೀರುವವರೆಗೆ ರಕ್ತವನ್ನು ಆದಷ್ಟು ತಡೆಹಿಡಿಯೋಣ ಎನ್ನುವವರಿದ್ದಾರೆ. ಅವರು ಸಾವೊ ಪಾಲೊದ 2015ರ ವರದಿಯನ್ನು ಗಮನಿಸಬೇಕು. ಹೊಟ್ಟೆಯ ದೊಡ್ಡ ಕ್ಯಾನ್ಸರ್ ಆಪರೇಷನ್ ಆಗಿ ತೀವ್ರ ನಿಗಾ ಘಟಕದಲ್ಲಿದ್ದ 198 ರೋಗಿಗಳಲ್ಲಿ, ಹಿಮೋಗ್ಲೋಬಿನ್ 7ಕ್ಕಿಂತ ಇಳಿಯುವವರೆಗೆ ಕಾದ ಗುಂಪಿನಲ್ಲಿ 30 ದಿನಗಳೊಳಗೆ ಸತ್ತವರು ಶೇ. 22.8, 9ಕ್ಕಿಂತ ಇಳಿದೊಡನೆ ಕೊಟ್ಟ ಗುಂಪಿನಲ್ಲಿ ಶೇ. 8.2. ಒಂದೇ ಆಸ್ಪತ್ರೆಯ ಸಣ್ಣ ಪ್ರಯೋಗವಿದು, ರೋಗ ಮರುಕಳಿಸುವ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದರೂ ಮೊದಲ ತಿಂಗಳು ದಾಟದವರಿಗೆ ಐದು ವರ್ಷದಾಚೆಯ ಅಪಾಯವನ್ನು ತಪ್ಪಿಸಿ ಫಲವೇನು?

ಆದ್ದರಿಂದ ನನ್ನ ವಾದ ಇಷ್ಟು: ರಕ್ತವನ್ನು ಹಳಿಯುವುದರ ಬದಲು, ಅದು ಬೇಕಾಗಿ ಬರುವ ಸಂದರ್ಭವನ್ನೇ ಕಡಿಮೆ ಮಾಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ (2019–21) ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಇಂಥಲ್ಲಿ ಆಪರೇಷನ್ ಗೊತ್ತಾದ ದಿನವೇ ಹಿಮೋಗ್ಲೋಬಿನ್ ನೋಡಿ, ಕೊರತೆಯ ಕಾರಣ ಹುಡುಕಬೇಕು. ಕಬ್ಬಿಣಾಂಶದ ಇಂಜೆಕ್ಷನ್ ಒಂದರಿಂದಲೇ ಎಲ್ಲವೂ ಸರಿಹೋಗದು. ಬ್ರಿಟನ್ನಿನ 2020ರ ದೊಡ್ಡ ಪ್ರಯೋಗದಲ್ಲಿ ಅದರಿಂದ ರಕ್ತದ ಅಗತ್ಯ ಕಡಿಮೆಯಾಗಲಿಲ್ಲ. ರಕ್ತಸ್ರಾವ ತಗ್ಗಿಸುವ ಔಷಧ, ಶಸ್ತ್ರವೈದ್ಯರ ಎಚ್ಚರ, ರಕ್ತಸ್ರಾವ ನಿಂತಿದ್ದರೆ ಒಂದು ಯೂನಿಟ್ ಕೊಟ್ಟು ಮತ್ತೆ ಪರೀಕ್ಷಿಸಿ ಮುಂದಿನದನ್ನು ನಿರ್ಧರಿಸುವ ಶಿಸ್ತು, ಇವೆಲ್ಲ ಒಟ್ಟಿಗೆ ಬೇಕು. ಮನೆಯವರೂ ‘ಯಾಕೆ ಬೇಕು, ಎಷ್ಟು ಬೇಕು’ ಎಂದು ಧೈರ್ಯವಾಗಿ ಕೇಳಲಿ. ಉತ್ತರ ಸಿಕ್ಕ ಮೇಲೆ ಕ್ಯಾನ್ಸರಿನ ಭಯದಿಂದ ರಕ್ತ ಬೇಡವೆನ್ನದಿರಲಿ.