ಮಂಗಳೂರು: ನೋಟ ಮತ್ತು ಊಟ

ಘಟ್ಟದ ಮೇಲಿನವರಾದ ನಮಗೆ ಸಮುದ್ರವೆಂದರೆ ಎಂದಿಗೂ ತೀರದ ಒಂದು ಬೆರಗು. ರಜ ಬಂದಿತೆಂದರೆ ಕೊಡಗಿನ ದಾರಿಯಾಗಿಯೋ ಶಿರಾಡಿಯ ದಾರಿಯಾಗಿಯೋ ಇಳಿದು ಮಂಗಳೂರನ್ನು ಸೇರುತ್ತೇವೆ. ಮರಳಿನ ಮೇಲೆ ನಿಂತು ಸೂರ್ಯಾಸ್ತವನ್ನು ನೋಡುತ್ತೇವೆ. ಎರಡು ದೇವಸ್ಥಾನಗಳಲ್ಲಿ ಕೈಮುಗಿಯುತ್ತೇವೆ. ಗೋಡಂಬಿಯ ಪೊಟ್ಟಣವೊಂದನ್ನು ಕಟ್ಟಿಸಿಕೊಂಡು ಹಿಂದಿರುಗಿ, ಊರನ್ನು ನೋಡಿದೆವೆಂದು ಹೇಳಿಕೊಳ್ಳುತ್ತೇವೆ. ಬಂದರನ್ನು ನೋಡಿದಿರಾ ಎಂದು ಯಾರಾದರೂ ಕೇಳಿದರೆ ಮಾತ್ರ ನಮ್ಮಲ್ಲಿ ಬಹುಮಂದಿ ಸುಮ್ಮನಾಗಬೇಕಾಗುತ್ತದೆ. ಮಂಗಳೂರಿನ ದೇವಾಲಯಗಳೂ ಇಗರ್ಜಿಗಳೂ ಮಸೀದಿಗಳೂ ಹೆಂಚೂ ತಿಂಡಿಯೂ ಎಲ್ಲವೂ ಬಂದರಿನ ಮೂಲಕ ಬಂದುವು, ಇಲ್ಲವೆ ಬಂದರನ್ನು ನಂಬಿ ಬೆಳೆದುವು. ಅದನ್ನು ಬಿಟ್ಟು ಊರನ್ನು ನೋಡುವುದೆಂದರೆ ಮದುಮಗನನ್ನು ಬಿಟ್ಟು ಮದುವೆಯ ಊಟ ಮಾಡಿ ಬಂದಂತೆ.

ಊರಿನ ಹೆಸರಿನಿಂದಲೇ ಮೊದಲುಮಾಡಬಹುದು. ಮಂಗಳಾದೇವಿಯ ಊರು ಮಂಗಳೂರು ಎಂಬುದು ಕನ್ನಡಿಗರಾದ ನಾವು ಬಲ್ಲ ಹೆಸರು. ತುಳುವರಿಗೆ ಅದು ಕುಡ್ಲ, ಕೊಂಕಣಿಯವರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲೆಯಾಳದವರಿಗೆ ಮಂಗಳಾಪುರಂ. ಒಂದೇ ಊರಿಗೆ ಇಷ್ಟು ಹೆಸರುಗಳಿರುವುದು ಅಲಂಕಾರಕ್ಕಾಗಿ ಅಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ದಾರಿಯಿಂದ ಬಂದು ಇದನ್ನು ತಮ್ಮ ಊರೆಂದು ಕರೆದಿದ್ದಾರೆ. ಹಂಪನಕಟ್ಟೆಯ ಯಾವುದಾದರೂ ಸಾಧಾರಣ ಹೋಟೆಲಿನಲ್ಲಿ ಅರ್ಧ ಗಂಟೆ ಕುಳಿತು ಕಿವಿಗೊಡಿರಿ. ನೀರು ತಂದಿಡುವ ಹುಡುಗನು ಒಂದು ಮೇಜಿನಲ್ಲಿ ತುಳುವನ್ನೂ, ಮುಂದಿನದರಲ್ಲಿ ಕೊಂಕಣಿಯನ್ನೂ, ನಮ್ಮ ಮುಖವನ್ನು ಕಂಡೊಡನೆ ಪುಸ್ತಕದಲ್ಲಿರುವಂಥ ಕನ್ನಡವನ್ನೂ ಆಡುವನು. ಭಾಷಾಶಾಸ್ತ್ರವನ್ನು ಬೋಧಿಸಿ ಸಂಬಳ ಪಡೆಯುವ ನಮಗೆ ಆ ಹುಡುಗನ ಮುಂದೆ ಕೊಂಚ ವಿನಯವುಂಟಾಗುವುದು ಸಹಜ.

ದಕ್ಷಿಣದಿಂದ ನೇತ್ರಾವತಿಯೂ ಉತ್ತರದಿಂದ ಗುರುಪುರದ ಹೊಳೆಯೂ ಬಂದು ಕಡಲನ್ನು ಕೂಡುವ ಅಳಿವೆಯೇ ಹಳೆಯ ಬಂದರು. ನದಿಗಳು ತಂದು ಹಾಕುವ ಮರಳು ಅಳಿವೆಯ ಬಾಯಲ್ಲಿ ದಿಬ್ಬವಾಗಿ ನಿಲ್ಲುವುದರಿಂದ ದೊಡ್ಡ ಹಡಗುಗಳು ಒಳಕ್ಕೆ ಬರಲಾರದೆ ಹೊರಗಡಲಲ್ಲಿಯೇ ಲಂಗರು ಹಾಕಬೇಕಾಗಿತ್ತು; ಸರಕನ್ನು ದೋಣಿಗಳಲ್ಲಿ ಸಾಗಿಸಬೇಕಾಗಿತ್ತು. ಇಂತಹ ಅನನುಕೂಲವಿದ್ದರೂ ಹಡಗುಗಳು ಬರುವುದನ್ನು ಬಿಡಲಿಲ್ಲ. ಘಟ್ಟದ ಮೆಣಸು ಅಂತಹ ವಸ್ತು! ಕೈರೋ ನಗರದ ಹಳೆಯ ಯೆಹೂದಿ ಪ್ರಾರ್ಥನಾಮಂದಿರವೊಂದರಲ್ಲಿ ದೊರೆತ ಕಾಗದಗಳಿಂದ, ಅಬ್ರಹಾಂ ಬೆನ್ ಯಿಜು ಎಂಬ ವರ್ತಕನು 12ನೆಯ ಶತಮಾನದ ಮಧ್ಯಭಾಗದಲ್ಲಿ ಸುಮಾರು ಹದಿನೇಳು ವರ್ಷ ಮಂಗಳೂರಿನಲ್ಲಿ ವಾಸವಾಗಿದ್ದನೆಂದು ತಿಳಿದುಬಂದಿದೆ. ಅವನು ಇಲ್ಲಿಂದ ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸಿದನು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದಗಳನ್ನು ತರಿಸಿಕೊಂಡನು. ಅವನ ಕಾರ್ಯಭಾರಿಯಾಗಿದ್ದ ಬೊಮ್ಮ ಎಂಬಾತನ ಹೆಸರೂ ಆ ಪತ್ರಗಳಲ್ಲಿ ಉಳಿದಿದೆ. ರಾಜರ ಹೆಸರುಗಳನ್ನು ಕಲ್ಲಿನಲ್ಲಿ ಓದಿ ಓದಿ ಬೇಸತ್ತ ನಮಗೆ, ಬೊಮ್ಮನ ಹೆಸರು ಈಜಿಪ್ಟಿನ ಕಾಗದದಲ್ಲಿ ಸಿಕ್ಕುವುದು ಎಷ್ಟು ಹಿತವೆಂಬುದನ್ನು ಹೇಳತೀರದು. ಇಬ್ನ್ ಬತೂತನು 14ನೆಯ ಶತಮಾನದಲ್ಲಿ ಬಂದಾಗ ಪಾರಸಿಕ ಮತ್ತು ಯೆಮನ್ ದೇಶಗಳ ವರ್ತಕರು ಇಲ್ಲಿ ಇಳಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ.

ಬಂದರಿನ ಬೀದಿಗಳನ್ನು ಬೆಳಗಿನ ಹೊತ್ತು ನಡೆದೇ ನೋಡತಕ್ಕದ್ದು. ಮೀನುದೋಣಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮರದ ಮಂಜಿಗಳಿಗೆ ಚೀಲಗಳನ್ನು ತುಂಬುತ್ತಿರುತ್ತಾರೆ. ಒಣಮೀನು, ಅಡಕೆ, ಬೆಲ್ಲ, ಹಗ್ಗ ಇವೆಲ್ಲ ಕೂಡಿದ ಒಂದು ವಾಸನೆ ಬೀದಿಯನ್ನು ತುಂಬಿರುತ್ತದೆ. ಮೂಗು ಮುಚ್ಚಿಕೊಳ್ಳುವವರು ಅಲ್ಲಿಗೆ ಹೋಗದಿರುವುದು ಲೇಸು. ಅಲ್ಲಿಯೇ ಜೀನತ್ ಬಕ್ಷ್ ಮಸೀದಿಯಿದೆ. ಅದರ ಒಳಗಿನ ಮರದ ಕಂಬಗಳ ಕೆತ್ತನೆಯನ್ನು ಕಂಡವರು ಇದು ಯಾವ ಧರ್ಮದವರ ಕಟ್ಟಡವೆಂಬುದನ್ನು ಒಂದು ಕ್ಷಣ ಮರೆತಾರು. ದೊಡ್ಡ ಹಡಗುಗಳು ಈಗ ಈ ಕಡೆಗೆ ಬರುವುದಿಲ್ಲ. ಉತ್ತರಕ್ಕೆ ಪಣಂಬೂರಿನಲ್ಲಿ ನೆಲವನ್ನು ತೋಡಿ ನಿರ್ಮಿಸಿದ ಹೊಸ ಬಂದರು 1974ರಲ್ಲಿ ದೇಶದ ಮಹಾಬಂದರುಗಳಲ್ಲೊಂದೆಂದು ಘೋಷಿತವಾಯಿತು; 1975ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಕುದುರೆಮುಖದ ಅದಿರು ಹೊರಟದ್ದು ಅಲ್ಲಿಂದ. ಅದು ದೊಡ್ಡ ಕೆಲಸ, ಬೇಕಾದ ಕೆಲಸ. ಆದರೆ ಬೇಲಿಯ ಹೊರಗೆ ನಿಂತು ನೋಡುವವರಿಗೆ ಅದರಲ್ಲಿ ಹೆಚ್ಚೇನೂ ದೊರೆಯದು.

ಕದ್ರಿಯ ಮಂಜುನಾಥ ದೇವಾಲಯಕ್ಕೆ ಎಲ್ಲರೂ ಹೋಗುತ್ತಾರೆ. ಹೋದವರು ಲೋಕೇಶ್ವರನ ಕಂಚಿನ ವಿಗ್ರಹವನ್ನು ಅವಸರಪಡದೆ ನೋಡಬೇಕು. ಮೂರು ಮುಖ, ಆರು ಕೈಗಳ ಈ ಮೂರ್ತಿಯನ್ನು ಆಳುಪ ದೊರೆ ಕುಂದವರ್ಮನು ಸ್ಥಾಪಿಸಿದನೆಂದು ಪೀಠದ ಶಾಸನ ಹೇಳುತ್ತದೆ. ವಿದ್ವಾಂಸರು ಅದನ್ನು ಕ್ರಿ. ಶ. 968ರದೆಂದು ಎಣಿಸಿದ್ದಾರೆ. ಶಾಸನವು ಆ ಸ್ಥಳವನ್ನು ವಿಹಾರವೆಂದು ಕರೆಯುತ್ತದೆ. ಬೌದ್ಧರು ನೆಲಸಿದ್ದ ಗುಡ್ಡದಲ್ಲಿ ನಾಥಪಂಥದ ಜೋಗಿಗಳು ಬಂದು ನೆಲಸಿ, ಶಿವನು ಮಂಜುನಾಥನಾಗಿ ನಿಂತಿರುವ ಈ ಕಥೆಯನ್ನು ಬಿಡಿಸಿ ಹೇಳಲು ಬೇರೆಯೇ ಒಂದು ಭಾಷಣ ಬೇಕು. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಚಿತ್ರಗಳನ್ನೂ ತಪ್ಪಿಸಬಾರದು. ಇಟಲಿಯ ಸಹೋದರ ಆಂತೋನಿಯೋ ಮೊಸ್ಕೆನಿ 1899ರಲ್ಲಿ ಮೊದಲುಮಾಡಿ ಗೋಡೆ ಛಾವಣಿಗಳನ್ನೆಲ್ಲ ವರ್ಣಗಳಿಂದ ತುಂಬಿದನು. ಗೋಡೆಯವು ಹಸಿ ಗಾರೆಯ ಮೇಲೆ ಬರೆದವು, ಛಾವಣಿಯವು ಬಟ್ಟೆಯ ಮೇಲಿನ ತೈಲಚಿತ್ರಗಳು. ಮಂಗಳೂರಿನ ಮಳೆಯಲ್ಲಿ ಇವು ಉಳಿದಿರುವುದೇ ಆಶ್ಚರ್ಯ. ಬೋಳೂರಿನ ಸುಲ್ತಾನ್ ಬತ್ತೇರಿ ಟಿಪ್ಪುವು ಹೊಳೆಯ ಬಾಯನ್ನು ಕಾಯಲು 1784ರಲ್ಲಿ ಕಟ್ಟಿಸಿದ ಕರಿಗಲ್ಲಿನ ಸಣ್ಣ ಕಾವಲುಗೋಪುರ. ಅದೇ ವರ್ಷ ಇದೇ ಊರಿನಲ್ಲಿ ಅವನಿಗೂ ಇಂಗ್ಲಿಷರಿಗೂ ಒಪ್ಪಂದವಾಯಿತು. ಗೋಪುರವನ್ನು ನೋಡಲು ಐದು ನಿಮಿಷ ಸಾಕು. ಅಲ್ಲಿಂದ ಕಾಣುವ ಹೊಳೆಗೆ ಒಂದು ಸಂಜೆ ಬೇಕು.

ಎಲ್ಲಿ ನಿಂತು ನೋಡಿದರೂ ಕಣ್ಣಿಗೆ ಬೀಳುವುದು ಕೆಂಪು ಹೆಂಚು. 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು 1865ರಲ್ಲಿ ನೇತ್ರಾವತಿಯ ದಡದಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಹೊಳೆಯ ದಡದ ಜೇಡಿ, ಮಲೆನಾಡಿನ ಸೌದೆ, ಸಾಗಿಸಲು ಬಂದರು: ಮೂರೂ ಕೈಗೆಟುಕುವಂತಿದ್ದುವು. ಕಾಂಕ್ರೀಟಿನ ಮಾಡು ಬಂದ ಮೇಲೆ ಒಂದೊಂದಾಗಿ ಎಷ್ಟೋ ಹೊಗೆಗೂಡುಗಳು ತಣ್ಣಗಾದುವು. ಹಳೆಯ ಮನೆಯೊಂದನ್ನು ಕೆಡಹುತ್ತಿರುವುದನ್ನು ಕಂಡರೆ ಒಂದು ಹೆಂಚನ್ನು ಮಗುಚಿ ನೋಡಿರಿ. ಕಾರ್ಖಾನೆಯ ಹೆಸರೂ ಕೆಲವೊಮ್ಮೆ ವರ್ಷವೂ ಅದರ ಬೆನ್ನಿನ ಮೇಲಿರುತ್ತದೆ.

ಇನ್ನು ಊಟದ ಮಾತು. ದೊಡ್ಡ ಹೋಟೆಲುಗಳ ವಿಚಾರ ನಮಗೆ ಬೇಡ. ಅವು ಎಲ್ಲ ಊರುಗಳಲ್ಲಿಯೂ ಒಂದೇ. ಬೆಂಚೂ ಮೇಜೂ ಇರುವ ಸಣ್ಣ ಅಂಗಡಿಗಳಿಗೆ ಬೆಳಗ್ಗೆ ಏಳು ಗಂಟೆಗೆ ಹೋದರೆ ಬನ್ಸು ಸಿಕ್ಕುತ್ತದೆ. ಹೆಸರನ್ನು ಕೇಳಿ ಇಂಗ್ಲಿಷರ ರೊಟ್ಟಿಯೆಂದು ತಿಳಿಯಬಾರದು. ಹಣ್ಣಾದ ಬಾಳೆಯನ್ನು ಕಿವುಚಿ, ಮೈದಾ, ಮೊಸರು, ಸಕ್ಕರೆ, ಜೀರಿಗೆಗಳೊಡನೆ ಕಲಸಿ, ಇರುಳೆಲ್ಲ ಬಿಟ್ಟು, ಬೆಳಗ್ಗೆ ಲಟ್ಟಿಸಿ ಎಣ್ಣೆಯಲ್ಲಿ ಬಿಟ್ಟರೆ ಅದು ಚೆಂಡಿನಂತೆ ಉಬ್ಬುತ್ತದೆ; ಕಾಯಿಯ ಚಟ್ನಿಯೊಡನೆ ತಿನ್ನತಕ್ಕದ್ದು. ಸಿಹಿಗೆ ಖಾರವೇಕೆಂದು ಮೊದಲ ತುತ್ತಿನಲ್ಲಿ ಅನ್ನಿಸಿದರೂ ಎರಡನೆಯದರಲ್ಲಿ ಅನ್ನಿಸುವುದಿಲ್ಲ. ನೀರುದೋಸೆಗೆ ಹುಳಿಬರಿಸುವ ಗೋಜಿಲ್ಲ. ನೆನೆದ ಅಕ್ಕಿಯನ್ನು ನುಣ್ಣಗೆ ರುಬ್ಬಿ ನೀರು ಮಾಡಿ ಕಾವಲಿಗೆ ಎರಚಿದರೆ ಮುಗಿಯಿತು. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬಿನ ಕಂಪು ಬಟ್ಟಲಿನ ಇಡ್ಡಲಿಗೆ ಎಲ್ಲಿಂದ ಬರಬೇಕು? ಸಂಜೆ ನಾಲ್ಕಕ್ಕೆ ಗೋಳಿಬಜೆ. ಅದನ್ನು ಬಿಸಿಯಾಗಿರುವಾಗಲೇ ತಿನ್ನಬೇಕು, ಆರಿದ ಮೇಲೆ ಅದರ ಗುಣವನ್ನು ಹೊಗಳಲಾರೆವು.

ಮಧ್ಯಾಹ್ನದ ಊಟವೆಂದರೆ ಬಂದರಿನ ಹತ್ತಿರದ ಮೀನಿನ ಖಾನಾವಳಿಗಳು: ಕೆಂಪು ಕುಚ್ಚಲಕ್ಕಿಯ ಅನ್ನ, ಬಂಗುಡೆ ಅಥವಾ ಬೂತಾಯಿಯ ಗಸಿ, ಹುರಿದ ಕಾಣೆ. ಕೋಳಿ ತಿನ್ನುವವರಿಗೆ ಕೋರಿರೊಟ್ಟಿಯಿದೆ. ಗರಿಗರಿಯಾದ ಅಕ್ಕಿರೊಟ್ಟಿಯ ಮೇಲೆ ಸಾರು ಸುರಿದು, ಅದು ಪೂರ್ತಿ ಮೆತ್ತಗಾಗುವುದರೊಳಗೆ ತಿನ್ನುವುದೇ ಅದರ ವಿದ್ಯೆ. ಸಾರಿನ ಆ ಕೆಂಪು ಬಣ್ಣ ಬ್ಯಾಡಗಿಯ ಮೆಣಸಿನಕಾಯಿಯದು. ಮೆಣಸಿನಕಾಯಿಯನ್ನೂ ಗೋಡಂಬಿಯನ್ನೂ ಅಮೆರಿಕದ ಕಡೆಯಿಂದ ನಮ್ಮ ತೀರಕ್ಕೆ ತಂದವರು ಪೋರ್ಚುಗೀಸರು. ಬೊಮ್ಮನು ಉಂಡ ಸಾರು ಕರಿಮೆಣಸಿನ ಸಾರಾಗಿದ್ದಿರಬೇಕು.

ಈ ಬೆಂಚುಗಳ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳದಿದ್ದರೆ ತಪ್ಪಾದೀತು. ಇಂದು ನಾವು ಯಾರ ಪಕ್ಕದಲ್ಲಿ ಕುಳಿತಿದ್ದೇವೆಂಬುದನ್ನು ಕೇಳದೆ ಕಾಫಿ ಕುಡಿಯುತ್ತೇವೆ. ಕಾಫಿ ಹೋಟೆಲುಗಳು ತಲೆಯೆತ್ತಿದ ಕಾಲದಲ್ಲಿ ಅವುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆಯಿರುತ್ತಿತ್ತು, ಉಳಿದವರಿಗೆ ಬೇರೆ, ಕೆಲವರಿಗೆ ಒಳಗೆ ಎಡೆಯೇ ಇರಲಿಲ್ಲ, ಅವರ ಪಾಲಿಗೆ ಬೀದಿಯಲ್ಲಿ ನಿಂತು ಕುಡಿಯುವ ತೆಂಗಿನ ಚಿಪ್ಪು. ಕುದ್ಮುಲ್ ರಂಗರಾಯರು ಇದೇ ಮಂಗಳೂರಿನಲ್ಲಿ 1897ರಲ್ಲಿ ದಲಿತರ ಉದ್ಧಾರಕ್ಕಾಗಿ ಸಂಸ್ಥೆಯನ್ನು ತೆರೆದಾಗ ಸ್ವಜನರ ಬಹಿಷ್ಕಾರವನ್ನು ಉಣ್ಣಬೇಕಾಯಿತು. ಗುಡಿಯ ಒಳಕ್ಕೆ ಬಿಡದಿದ್ದಾಗ ಬಿಲ್ಲವರು ತಮ್ಮದೇ ಗುಡಿಯನ್ನು ಕಟ್ಟಿಕೊಂಡರು. ನಾರಾಯಣ ಗುರುಗಳು 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿದರು. ಅದೇ ದೇವಾಲಯದಲ್ಲಿ 2013ರಲ್ಲಿ ವಿಧವೆಯರು ಅರ್ಚಕರಾದರು. ಹೋಟೆಲಿನ ಬಾಗಿಲು ಎಲ್ಲರಿಗೂ ತೆರೆದಿರತಕ್ಕದ್ದೆಂದು ಸಂವಿಧಾನದ 15ನೆಯ ವಿಧಿ 1950ರಲ್ಲಿ ನಿಯಮಿಸಿತು. ವಿಧಿ ಬೇಗ ಬಂದಿತು. ಪಂಕ್ತಿ ನಿಧಾನವಾಗಿ ಕೂಡಿತು, ಊರೂರಿನಲ್ಲಿಯೂ ಎಲ್ಲ ಮೂಲೆಗಳಲ್ಲಿಯೂ ಕೂಡಿತೆಂದು ಇನ್ನೂ ಹೇಳಲಾರೆವು. ಬಂದರಿನ ಖಾನಾವಳಿಯಲ್ಲಿ ಹಮಾಲನೂ ವಕೀಲನೂ ಒಂದೇ ಮೇಜಿನಲ್ಲಿ ಗಸಿ ಉಣ್ಣುವುದು ನೋಡತಕ್ಕ ಸ್ಥಳಗಳ ಪಟ್ಟಿಯಲ್ಲಿ ಇರುವುದಿಲ್ಲ. ಕದ್ರಿಯ ಲೋಕೇಶ್ವರನಷ್ಟೇ ಆದರದಿಂದ ಅದನ್ನೂ ನೋಡಬೇಕೆಂದು ನಮ್ಮ ಅಭಿಪ್ರಾಯ.

ಹೋಗುವವರು ತಿಂಗಳನ್ನು ನೋಡಿಕೊಂಡು ಹೊರಡಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯಕೂಡದೆಂದು ನಿಯಮವಿದೆ, ಮೀನು ಮರಿಯಿಡುವ ಕಾಲವೆಂದು; ಆಗ ಬಂದರು ನಿಶ್ಶಬ್ದ, ಖಾನಾವಳಿಯಲ್ಲಿ ಒಣಮೀನು, ಆಕಾಶವೇ ಹರಿದುಬಿದ್ದಂತಹ ಮಳೆ. ಮಳೆಯನ್ನೇ ನೋಡಬೇಕೆಂಬವರು ಆಗಲೇ ಹೋಗಲಿ. ಕೆಸುವಿನ ಎಲೆಯ ಪತ್ರೊಡೆ ಸಿಕ್ಕುವುದೂ ಆಗಲೇ. ಉಳಿದವರು ನವೆಂಬರಿನಿಂದ ಫೆಬ್ರವರಿಯವರೆಗಿನ ಯಾವುದಾದರೂ ನಾಲ್ಕು ದಿನಗಳನ್ನು ಆರಿಸಿಕೊಳ್ಳಬಹುದು. ಮನೆಯವರಿಗಾಗಿ ಬನ್ಸನ್ನು ಕಟ್ಟಿಸಿಕೊಂಡು ಬರುವ ಆಸೆ ಬೇಡ. ಘಟ್ಟ ಹತ್ತುವಷ್ಟರಲ್ಲಿ ಅದು ಚರ್ಮವಾಗಿರುತ್ತದೆ.