ತಿರುಗುವ ಬಿಸಿಗಾಳಿಯ ಬ್ರಷ್ಷು

ನೆಟ್ಟನೆಯ ಕೂದಲಿಗೆ ಗುಂಗುರು ಹಿಡಿಸುವುದು ಕಾವಿನ ಕೆಲಸವೆಂದು ಸಾಮಾನ್ಯವಾಗಿ ಎಲ್ಲರೂ ಭಾವಿಸುವುದುಂಟು. ಕಾವು ಕೂದಲನ್ನು ಬಾಗುವುದಕ್ಕೆ ಸಿದ್ಧಗೊಳಿಸುತ್ತದೆ, ಅಷ್ಟೆ; ಬಾಗಿದ ಆಕಾರವು ನೆಲೆನಿಲ್ಲುವುದು ಕೂದಲು ಒಣಗಿ ಆರಿದ ಮೇಲೆ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ, ಬಿಸಿಗಾಳಿಯನ್ನು ಸೂಸುತ್ತ ಮೋಟಾರಿನ ಬಲದಿಂದ ತಾನೇ ತಿರುಗುವ ದುಂಡು ಬ್ರಷ್ಷಿನ ಒಂದೊಂದು ಅಂಗವೂ ಏತಕ್ಕಾಗಿ ಅಲ್ಲಿದೆಯೆಂಬುದು ವಿಶದವಾಗುತ್ತದೆ.

ಉಗುರು, ಉಣ್ಣೆ, ಕೊಂಬುಗಳಂತೆಯೇ ಕೂದಲೂ ಕೆರಾಟಿನ್ ಎಂಬ ಪ್ರೋಟೀನಿನಿಂದ ರಚಿತವಾದದ್ದು. 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದ ವಿಲಿಯಂ ಆಸ್ಟ್‌ಬರಿಯವರು ಉಣ್ಣೆಯ ಮತ್ತು ಕೂದಲಿನ ಎಳೆಗಳ ಮೂಲಕ ಕ್ಷಕಿರಣಗಳನ್ನು ಹಾಯಿಸಿ, ಒದ್ದೆಯಾದ ಎಳೆಯನ್ನು ಹಿಗ್ಗಿಸಿದಾಗ ಅದರ ಅಣುಗಳು ಮಡಿಕೆ ಬಿಚ್ಚಿಕೊಂಡು ಉದ್ದವಾಗುತ್ತವೆಂಬುದನ್ನು ತೋರಿಸಿಕೊಟ್ಟರು. ಈ ಅಣುಸರಪಳಿಗಳನ್ನು ಪರಸ್ಪರ ಹಿಡಿದಿಟ್ಟಿರುವ ಬಂಧಗಳಲ್ಲಿ ಗಂಧಕದ ಬಂಧಗಳು ಬಹು ದೃಢವಾದವು. ರಾಸಾಯನಿಕ ದ್ರವ್ಯಗಳಿಲ್ಲದೆ ಅವು ಸುಲಭವಾಗಿ ಬಿಚ್ಚವು. ಜಲಜನಕದ ಬಂಧಗಳು ಒಂದೊಂದಾಗಿ ದುರ್ಬಲವಾದರೂ ಅಸಂಖ್ಯಾತವಾಗಿದ್ದು, ನೀರು ಸೋಕಿದರೆ, ಕಾವು ತಗುಲಿದರೆ ಸಡಿಲಗೊಳ್ಳುತ್ತವೆ. ನೀರು ಹೋಗಿ ಕಾವು ಆರಿದೊಡನೆ, ಆ ಕ್ಷಣದಲ್ಲಿ ಕೂದಲು ಯಾವ ಆಕಾರದಲ್ಲಿರುವುದೋ ಆ ಆಕಾರದಲ್ಲಿಯೇ ಮತ್ತೆ ಕೂಡಿಕೊಳ್ಳುತ್ತವೆ. ನಮ್ಮ ಉಪಕರಣವು ಮುಟ್ಟುವುದು ಈ ಎರಡನೆಯ ಬಗೆಯ ಬಂಧಗಳನ್ನು ಮಾತ್ರ. ಆದಕಾರಣವೇ ಅದು ಕೊಟ್ಟ ಗುಂಗುರು ತಲೆಗೆ ನೀರೆರೆದುಕೊಂಡರೆ ಹೋಗಿಬಿಡುತ್ತದೆ; ಮಂಗಳೂರು ಉಡುಪಿಗಳ ಕಡೆಯ ಮಳೆಗಾಲದ ತೇವದ ಗಾಳಿಯಲ್ಲಾದರೆ ನೀರೆರೆದುಕೊಳ್ಳುವವರೆಗೂ ಅದು ಕಾಯುವುದಿಲ್ಲ.

ಪ್ಯಾರಿಸ್ಸಿನ ಮಾರ್ಸೆಲ್ ಗ್ರಾತೋ 1870ರ ದಶಕದಲ್ಲಿ ಇಕ್ಕುಳದಂಥ ಕಬ್ಬಿಣವನ್ನು ಉರಿಯಲ್ಲಿ ಕಾಯಿಸಿ ಕೂದಲಲ್ಲಿ ಅಲೆಗಳನ್ನು ಮೂಡಿಸುವ ವಿಧಾನವನ್ನು ಬಳಕೆಗೆ ತಂದರು. ಅಂಥ ಇಕ್ಕುಳಕ್ಕೆ ಉಷ್ಣಮಾಪಕವಿರಲಿಲ್ಲ; ಒಂದು ಚೂರು ಕಾಗದವನ್ನು ಅದರಲ್ಲಿ ಹಿಡಿದು, ಕಾಗದ ಕಂದಿದರೆ ಇನ್ನೂ ಆರಲೆಂದು ಕಾಯುವುದೇ ಪರೀಕ್ಷೆಯಾಗಿತ್ತು. ಕಾದ ಲೋಹವು ಕೂದಲನ್ನು ಮುಟ್ಟಿದೆಡೆಯಲ್ಲಿ ಕಾವೆಲ್ಲವೂ ಒಮ್ಮೆಗೇ ಹರಿಯುತ್ತದೆ. ಕೂದಲು ಒದ್ದೆಯಾಗಿದ್ದರಂತೂ ಒಳಗಿನ ನೀರು ಕುದಿದು, ಎಳೆಯೊಳಗೆ ಆವಿಯ ಗುಳ್ಳೆಗಳೆದ್ದು, ಕೂದಲು ಅಲ್ಲಿಯೇ ಮುರಿಯುವಷ್ಟು ಪೆಡಸಾಗುತ್ತದೆ. ಗಾಳಿಯ ಗುಣವೇ ಬೇರೆ. ಅದು ಕಾವನ್ನು ಸ್ವಲ್ಪಸ್ವಲ್ಪವಾಗಿ ತಂದುಕೊಟ್ಟು, ಹಿಂದಿರುಗುವಾಗ ತೇವವನ್ನು ಹೊತ್ತೊಯ್ಯುತ್ತದೆ. ಒಣಗಿಸುವುದೂ ಬಾಗಿಸುವುದೂ ಒಂದೇ ಕ್ರಿಯೆಯಲ್ಲಿ ನೆರವೇರುತ್ತವೆ.

ಹಾಗಾದರೆ ಗಾಳಿ ಎಷ್ಟು ಬಿಸಿಯಾಗಿರಬೇಕು? ಇದರ ಲೆಕ್ಕ ಕಠಿಣವಲ್ಲ. ಸೆಕೆಂಡಿಗೆ 10 ಲೀಟರ್, ಎಂದರೆ ಸುಮಾರು 12 ಗ್ರಾಂ ಗಾಳಿಯು 800 ವಾಟಿನ ತಂತಿಯ ಮೇಲೆ ಹಾದುಹೋದರೆ ಅದರ ಉಷ್ಣತೆ ಸುಮಾರು 66 ಡಿಗ್ರಿಯಷ್ಟು ಏರುತ್ತದೆ. ಕೋಣೆಯ ಗಾಳಿ 25 ಡಿಗ್ರಿ ಸೆಂಟಿಗ್ರೇಡಿನಲ್ಲಿದ್ದರೆ ಹೊರಬರುವ ಗಾಳಿ 90ರ ಆಸುಪಾಸಿನಲ್ಲಿರುತ್ತದೆ. ಆದರೆ ಅದೇ ತಂತಿಯ ಮೇಲೆ ಗಾಳಿ ಅರ್ಧಕ್ಕಿಳಿದರೆ ಏರಿಕೆಯು ಇಮ್ಮಡಿಯಾಗಿ 130 ಡಿಗ್ರಿಯನ್ನು ದಾಟುತ್ತದೆ. ಹಿಡಿಕೆಯ ಬುಡದಲ್ಲಿ ಗಾಳಿ ಒಳಹೋಗುವ ಜಾಲರಿಗೆ ನೂಲಿನ ಪುಡಿ, ಉದುರಿದ ಕೂದಲು ಕಟ್ಟಿಕೊಂಡಾಗ ಆಗುವುದು ಇದೇ. ಆ ಜಾಲರಿಯನ್ನು ಆಗಾಗ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಇಡುವವರ ಕೂದಲು ಸುಡುವುದು ಕಡಿಮೆ.

ಜಾಲರಿಯ ಹಿಂದೆ ಚಿಕ್ಕದೊಂದು ಮೋಟಾರು, ಅದರ ಮುಂದೆ ಫ್ಯಾನು, ಫ್ಯಾನಿನ ಮುಂದೆ ಒಂದಕ್ಕೊಂದು ಅಡ್ಡಲಾಗಿ ಸಿಕ್ಕಿಸಿದ ಅಭ್ರಕದ, ಅಂದರೆ ಕಾಗೆಬಂಗಾರದ, ತೆಳು ಹಲಗೆಗಳು. ಅವುಗಳ ಅಂಚಿನ ಕಚ್ಚುಗಳಲ್ಲಿ ಸುರುಳಿಸುತ್ತಿದ ನಿಕ್ರೋಮ್ ತಂತಿ. ನಿಕಲ್ ಮತ್ತು ಕ್ರೋಮಿಯಂಗಳ ಈ ಮಿಶ್ರಲೋಹಕ್ಕೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದರು; ಕೆಂಪಗೆ ಕಾದರೂ ಮೇಲ್ಮೈಯಲ್ಲಿ ಆಕ್ಸೈಡಿನ ಪೊರೆಯೊಂದು ಕಟ್ಟಿಕೊಂಡು ಅದನ್ನು ಸವೆಯದಂತೆ ಕಾಯುತ್ತದೆ. ತಂತಿಯ ಪಕ್ಕದಲ್ಲಿ ಕಾವೇರಿದರೆ ಬಾಗಿ ವಿದ್ಯುತ್ತನ್ನು ಕಡಿಯುವ ದ್ವಿಲೋಹದ ಪಟ್ಟಿ, ಅದೂ ಕೈಕೊಟ್ಟರೆ ಒಮ್ಮೆಗೇ ಕರಗಿಹೋಗುವ ಫ್ಯೂಸು.

ಇಷ್ಟು ಸಾಧಾರಣ ಹೇರ್ ಡ್ರೈಯರಿನಲ್ಲಿಯೂ ಉಂಟು. ತಿರುಗುವ ಬ್ರಷ್ಷಿನಲ್ಲಿ ಇವುಗಳ ಜತೆಗೆ ಎರಡನೆಯ ಮೋಟಾರೊಂದು ಸೇರಿಕೊಂಡು, ತನ್ನ ವೇಗವನ್ನು ಗೇರುಗಳ ಮೂಲಕ ತಗ್ಗಿಸಿ, ರಂಧ್ರಗಳುಳ್ಳ ಉರುಳೆಯನ್ನು ನಿಧಾನವಾಗಿ ತಿರುಗಿಸುತ್ತದೆ. ರಚನಕಾರನ ನಿಜವಾದ ಪರೀಕ್ಷೆ ಇಲ್ಲಿದೆ. ಜೀವಂತವಾದ ತಲೆಗೆ ಅಂಟಿದ ಕೂದಲನ್ನು ಯಂತ್ರವೊಂದು ಸುತ್ತಿಕೊಳ್ಳುತ್ತಿರುವಾಗ, ಸುತ್ತುವ ಶಕ್ತಿಗಿಂತ ಬಿಡುವ ಶಕ್ತಿಯೇ ಮುಖ್ಯವಾದದ್ದು. ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ತಿರುಗಿ, ಬೆರಳು ತೆಗೆದೊಡನೆ ನಿಲ್ಲುವ ಗುಂಡಿ. ಎಡಕ್ಕೂ ಬಲಕ್ಕೂ ತಿರುಗಿಸುವ ಏರ್ಪಾಡು. ಗಂಟುಬಿದ್ದ ಕೂದಲು ಜಗ್ಗಿದಾಗ ಉರುಳೆಯನ್ನು ಜಾರಿಸಿಬಿಡುವ ಕ್ಲಚ್ಚು. ಇವಿಲ್ಲದ ಉಪಕರಣವನ್ನು, ಅದರ ಕಾವಿನ ಅಂಕೆಗಳು ಎಷ್ಟೇ ಆಕರ್ಷಕವಾಗಿರಲಿ, ನಾನು ಯಾರಿಗೂ ಕೊಳ್ಳಿರೆಂದು ಹೇಳಲಾರೆ. ಹಿಮ್ಮುಖವಾಗಿ ತಿರುಗುವ ಆ ಒಂದು ಗುಂಡಿ ಕತ್ತರಿಯಿಂದ ಉಳಿಸಿದ ಜಡೆಗಳು ಅನೇಕ.

ಬ್ರಿಟನ್ನಿನ ಡೈಸನ್ ಸಂಸ್ಥೆ 2018ರಲ್ಲಿ ಹೊರತಂದ ಏರ್‌ರ್ಯಾಪ್ ಎಂಬ ಉಪಕರಣದಲ್ಲಿ ಉರುಳೆ ತಿರುಗುವುದೇ ಇಲ್ಲ. ನಿಮಿಷಕ್ಕೆ 1,10,000 ಸುತ್ತಿನವರೆಗೆ ತಿರುಗುವ ಮೋಟಾರು ದೂಡಿದ ಗಾಳಿಯು ಉರುಳೆಯ ಸೀಳುಗಳಿಂದ ಓರೆಯಾಗಿ ಹೊಮ್ಮಿ, ಉರುಳೆಯ ಮೈಗಂಟಿಕೊಂಡು ಸುತ್ತುತ್ತ, ಹತ್ತಿರ ತಂದ ಕೂದಲನ್ನು ತಾನೇ ಸೆಳೆದು ಸುತ್ತಿಕೊಳ್ಳುತ್ತದೆ. ವೇಗವಾಗಿ ಹರಿಯುವ ಗಾಳಿಯು ಬಾಗಿದ ಮೇಲ್ಮೈಯನ್ನು ಬಿಡದೆ ಅನುಸರಿಸುವ ಈ ಧರ್ಮಕ್ಕೆ ರುಮೇನಿಯದ ಎಂಜಿನಿಯರ್ ಹೆನ್ರಿ ಕೋಆಂಡರ ಹೆಸರನ್ನಿಟ್ಟಿದ್ದಾರೆ. ಆರಂಭದ ಮಾದರಿಯಲ್ಲಿ ಎಡಬಲಗಳ ಸುರುಳಿಗಳಿಗೆ ಬೇರೆಬೇರೆ ಉರುಳೆಗಳನ್ನು ಸಿಕ್ಕಿಸಬೇಕಾಗಿತ್ತು. ಹಲ್ಲುಗಳಿಲ್ಲದ, ಗೇರಿಲ್ಲದ ಈ ಉಪಾಯವು ಎಷ್ಟೋ ಸೌಮ್ಯವಾದದ್ದು, ಬೆಲೆಯೊಂದನ್ನು ಬಿಟ್ಟು.

ಇನ್ನು ಸುತ್ತಿದ ಕೂದಲನ್ನು ಆರಿಸಿ ಆಕಾರವನ್ನು ನೆಲೆನಿಲ್ಲಿಸುವ ತಣ್ಣನೆಯ ಗಾಳಿಯ ಗುಂಡಿ. ಉಪಯೋಗಿಸುವವರಲ್ಲಿ ಅನೇಕರು ಇದನ್ನು ಅಲಂಕಾರಕ್ಕೆ ಇಟ್ಟದ್ದೆಂದು ತಿಳಿದು ಮುಟ್ಟುವುದೇ ಇಲ್ಲ. ಸುತ್ತಿದ ಕೂದಲನ್ನು ಬಿಸಿಯಿರುವಾಗಲೇ ಬಿಚ್ಚಿ, ಗುಂಗುರು ನಿಲ್ಲಲಿಲ್ಲವೆಂದು ಕಾವನ್ನು ಇನ್ನೂ ಏರಿಸುತ್ತಾರೆ. ಆದರೆ ಕಡಿಮೆ ಬೆಲೆಯ ಉಪಕರಣಗಳಲ್ಲಿ ತೊಡಕೊಂದುಂಟು. ಅವುಗಳ ಫ್ಯಾನಿನ ಮೋಟಾರು ಅಲ್ಪ ವೋಲ್ಟಿನದು. ಮನೆಯ 230 ವೋಲ್ಟನ್ನು ಅದಕ್ಕೆ ತಗ್ಗಿಸಿ ಕೊಡಲು ಭಾರವಾದ ಟ್ರಾನ್ಸ್‌ಫಾರ್ಮರನ್ನು ಹಿಡಿಕೆಯಲ್ಲಿ ಇಡಲಾಗದೆ, ಕಾವಿನ ತಂತಿಯ ಒಂದು ಭಾಗವನ್ನೇ ವೋಲ್ಟು ಇಳಿಸುವುದಕ್ಕೆ ಬಳಸುತ್ತಾರೆ. ತಣ್ಣನೆಯ ಗುಂಡಿ ಒತ್ತಿದಾಗ ಮುಖ್ಯ ತಂತಿ ಆರುತ್ತದೆ, ಈ ತುಂಡು ಮಾತ್ರ ಆರುವಂತಿಲ್ಲ, ಆರಿದರೆ ಫ್ಯಾನೇ ನಿಲ್ಲುತ್ತದೆ. ಹೀಗಾಗಿ ಬರುವ ಗಾಳಿ ತಣ್ಣಗಿರದೆ ಉಗುರುಬೆಚ್ಚಗಿರುತ್ತದೆ. ಅಂಥ ಬ್ರಷ್ಷು ಕೈಯಲ್ಲಿರುವವರು ಕೂದಲನ್ನು ಸುತ್ತಿ, ಒಣಗಿದ ಮೇಲೆ ಸ್ವಿಚ್ಚನ್ನು ಪೂರ್ತಿ ಆರಿಸಿ, ಕೈಗೆ ಬಿಸಿ ತಾಗದಷ್ಟು ಹೊತ್ತು ಹಾಗೆಯೇ ಹಿಡಿದಿದ್ದು, ಅನಂತರ ಹಿಮ್ಮುಖವಾಗಿ ಬಿಡಿಸಿಕೊಳ್ಳುವುದು ಲೇಸು.